ಅಂಕೋಲೆಯಲ್ಲಿ ಮಾತ್ರ ಪರಿಚಯ

ಕಾರವಾರದಲ್ಲಿ ನಮ್ಮದು ಬಾಗಿಲಿನ ಪರಿಚಯ. ಅವಳು ಮೀನು ತರುವವಳು, ನಾನು ಕೊಳ್ಳುವವಳು. ಮೆಟ್ಟಿಲಿನ ಕೆಳಗೆ ಅವಳು, ಮೇಲೆ ನಾನು. ಅಂಕೋಲೆಗೆ ಹೋದರೆ ಮಾತ್ರ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂರುವ ಗೆಳತಿಯರು. ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ದಾರಿಯಲ್ಲಿ ನಾವಿಬ್ಬರೂ ಬೇರೆ ಮನುಷ್ಯರಾಗಿಬಿಡುತ್ತಿದ್ದೆವು. ಈಗ ಅವಳಿಲ್ಲ. ನಮ್ಮ ಸ್ನೇಹ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅವಳ ಬಗ್ಗೆ ಮಾತಾಡಲು ನನಗೆ ಜನವೇ ಇಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ತನ್ನ ಹೆಸರು ಯಾರ ಬಾಯಿಗೂ ಬೀಳಬಾರದೆಂದು ಅವಳು ಪಟ್ಟ ಪಾಡನ್ನು ಕಣ್ಣಾರೆ ಕಂಡವಳು ನಾನು. ಓಣಿಯವರೆಲ್ಲ ಕರೆಯುತ್ತಿದ್ದ ಹಾಗೆ ನಾನೂ ‘ಮಾವಶಿ’, ಎಂದರೆ ಚಿಕ್ಕಮ್ಮ, ಎನ್ನುತ್ತೇನೆ. ನಮ್ಮ ಕಡೆ ಅರ್ಧ ಊರಿನ ಹೆಂಗಸರು ಇನ್ನರ್ಧ ಊರಿಗೆ ಮಾವಶಿಯರೇ, ಹಾಗಾಗಿ ಗುರುತು ಸಿಗುವ ಭಯವಿಲ್ಲ.

ಆಗ ಅವಳಿಗೆ ಐವತ್ತರ ಆಸುಪಾಸು. ಎತ್ತರದ ಹೆಂಗಸು. ನಮ್ಮ ಓಣಿಯ ತಿರುವಿನಲ್ಲಿ ಯಾರದೋ ಕಾಂಪೌಂಡಿನಿಂದ ನುಗ್ಗೆಯ ಟೊಂಗೆಯೊಂದು ಹೊರಗೆ ಚಾಚಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಬರುವಾಗ ಅವಳು ಅದರ ಕೆಳಗೆ ಮಂಡಿ ಬಗ್ಗಿಸಿ ದಾಟುತ್ತಿದ್ದಳೇ ಹೊರತು ಕತ್ತು ಬಗ್ಗಿಸುತ್ತಿರಲಿಲ್ಲ. ‘ಕತ್ತು ಬಗ್ಗಿಸಿದ್ರೆ ಬಂಗಡೆ ಬೀಳ್ತದೆ’ ಎನ್ನುತ್ತಿದ್ದಳು. ಬಂಗಡೆ ಇಲ್ಲದ ದಿನವೂ ಬಗ್ಗಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮನೆಯೊಡತಿಯರೆಲ್ಲ ಅವಳಿಗೆ ‘ಬಾಯಿ’, ಆದರೆ ಚೌಕಾಸಿಯಲ್ಲಿ ಅವಳನ್ನು ಗೆದ್ದವರಿಲ್ಲ. ನಮ್ಮ ಅತ್ತೆ ನೊಗ್ಲಿ ಮೀನಿನ ಕಿವಿರು ಎತ್ತಿ ನೋಡಿ ‘ಇದು ನಿನ್ನೆಯದು’ ಎಂದರೆ ‘ಹೌದು ಬಾಯಿ, ನಿನ್ನೆ ಸಮುದ್ರದಲ್ಲಿ ಇತ್ತು’ ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಡುತ್ತಿದ್ದಳು. ಗೇಟಿನ ತನಕ ಹೋಗಲಿ ಎಂದು ಅತ್ತೆ ಕಾಯುವುದು, ಗೇಟಿನಲ್ಲಿ ಕರೆಯಲಿ ಎಂದು ಅವಳು ನಿಧಾನಿಸುವುದು. ದಿನಾ ಅದೇ ನಾಟಕ, ದಿನಾ ಅಷ್ಟೇ ಸಿಟ್ಟು.

ಕಾರವಾರದ ಮೀನಿನ ಹೆಂಗಸರಿಗೆ ಓಣಿಗಳು ಹಂಚಿಹೋಗಿರುತ್ತವೆ. ಯಾರೂ ಕುಳಿತು ಹಂಚಿದ್ದಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬರುತ್ತವೆ. ಒಬ್ಬಳ ಓಣಿಗೆ ಇನ್ನೊಬ್ಬಳು ಕಾಲಿಡುವುದಿಲ್ಲ. ಆದರೆ ಆ ಹೆಂಗಸು ಒಂದಷ್ಟು ದಿನ ಕಾಣೆಯಾದಳೋ, ಅಥವಾ ಮನೆಯವರೇ ಅವಳನ್ನು ಬೇಡವೆಂದರೋ, ಆ ಮನೆ ಹೋದ ಹಾಗೆಯೇ. ಮಾವಶಿಯ ಅತ್ತೆ ಅವಳಿಗೆ ಬಿಟ್ಟುಹೋದದ್ದು ನಮ್ಮ ಓಣಿ ಮತ್ತು ಹಿಂದಿನ ಓಣಿ. ಕಡಲದಂಡೆಯ ಅವಳ ಸ್ವಂತ ಮನೆ ನೌಕಾನೆಲೆಯ ಭೂಸ್ವಾಧೀನಕ್ಕೆ ಹೋಗಿ, ಅಂಕೋಲೆ ದಾರಿಯ ತೋಡೂರಿನಲ್ಲಿ ಬೇರೆ ಜಾಗ ಸಿಕ್ಕಿತ್ತು. ಆ ಮನೆಯ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ‘ನನ್ನ ಮನೆಗಳು’ ಎಂದು ಅವಳು ಹೇಳಿದರೆ ಅದು ನಮ್ಮ ಮನೆಗಳು.

ಅಂಥ ಮನೆಗಳಲ್ಲಿ ನಮ್ಮದೂ ಒಂದು. ಮಾವನವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ತೀರಿಕೊಂಡವರು. ನನ್ನ ಗಂಡನ ಫೋಟೋ ಸ್ಟುಡಿಯೋ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಉಸಿರು ಹಿಡಿದುಕೊಂಡಿತ್ತು. ನಾನು ಅಂಕೋಲೆಯ ಖಾಸಗಿ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕಿ. ಸಂಬಳ ಎಂದು ಅವರು ಕೊಡುತ್ತಿದ್ದದ್ದು ಬಸ್ಸಿಗೂ ಸೀರೆಯ ಇಸ್ತ್ರಿಗೂ ಸರಿಹೋಗುತ್ತಿತ್ತು. ಮನೆಯ ಒಳಗೆ ಹೀಗೆ. ಹೊರಗೆ ಮಾತ್ರ ಬಾಗಿಲಿನ ಪರದೆ, ಜಗಲಿಯ ಬೆತ್ತದ ಕುರ್ಚಿ, ಮಾವನವರ ಹೆಸರಿನ ಹಿತ್ತಾಳೆ ಫಲಕ ಎಲ್ಲ ಮೊದಲಿನ ಹಾಗೇ ಇದ್ದವು. ನಮ್ಮ ಓಣಿಯ ಹೆಂಗಸರು ಮೈ ಬಿಸಿಯಾದರೂ ಆಟೋ ಮಾಡಿಕೊಂಡು ಖಾಸಗಿ ಡಾಕ್ಟರ ಹತ್ತಿರ ಹೋಗುವವರು. ‘ನಮ್ಮ ಮನೆಯವರು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತದ್ದಿಲ್ಲ’ ಎಂದು ಅತ್ತೆ ನನ್ನೆದುರು ಹೇಳುತ್ತಿದ್ದರು. ನಾನು ಬಿಳಿಚಿಕೊಂಡಿದ್ದನ್ನು ನೋಡಿಯೇ ಹೇಳುತ್ತಿದ್ದರು ಎಂದು ನನ್ನ ಗುಮಾನಿ. ಖಾಸಗಿಗೆ ಹೋಗು ಎಂದೂ ಹೇಳುತ್ತಿರಲಿಲ್ಲ, ಏಕೆಂದರೆ ಹೋದರೆ ಬಿಲ್ಲು ಎಷ್ಟಾಗುತ್ತದೆಂದು ಅವರಿಗೂ ಗೊತ್ತಿತ್ತು.

ನನಗೆ ಆಗ ತಿಂಗಳ ಮುಟ್ಟು ವಿಪರೀತವಾಗಿ ಹೋಗುತ್ತಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಅಕ್ಷರ ಕಪ್ಪಾಗಿ ಹಲಗೆಯಲ್ಲಿ ಮುಳುಗಿಹೋಗುವಷ್ಟು ಕಣ್ಣು ಕತ್ತಲೆ. ಸೋಮವಾರ ನನಗೆ ಮೊದಲ ಎರಡು ಪಿರಿಯಡ್ ಖಾಲಿ ಇರುತ್ತಿತ್ತು. ಒಂದು ಸೋಮವಾರ ಧೈರ್ಯ ಮಾಡಿ ಅಂಕೋಲೆಯ ಸರಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ನಮ್ಮ ಓಣಿಯವರು ಬರುವ ಸಂಭವವೇ ಇಲ್ಲ. ಚೀಟಿ ಮಾಡಿಸಿ, ಗೋಡೆಯ ಕಡೆಗಿನ ಬೆಂಚಿನ ಹತ್ತಿರ ಬಂದರೆ, ಅದರ ತುದಿಯಲ್ಲಿ ಕುಳಿತಿದ್ದಾಳೆ ಮಾವಶಿ.

ಮೊದಲು ಗುರುತೇ ಹತ್ತಲಿಲ್ಲ. ಬುಟ್ಟಿಯಿಲ್ಲದೆ ಅವಳನ್ನು ನಾನು ನೋಡಿದ್ದೇ ಇಲ್ಲ. ಮಿಂದು ಎಣ್ಣೆ ಹಚ್ಚಿ ತಲೆ ಬಾಚಿದ್ದಳು, ಮುಡಿಯಲ್ಲಿ ಅಬ್ಬಲಿಗೆ ದಂಡೆ, ಮೈಮೇಲೆ ಯಾರ ಮದುವೆಗೋ ತಂದ ನೇರಳೆ ಬಣ್ಣದ ಸೀರೆ. ಅವಳೂ ನನ್ನನ್ನು ನೋಡಿದಳು. ನೋಡಿದವಳು ಮುಖವನ್ನು ಪಕ್ಕನೆ ಗೋಡೆಗೆ ತಿರುಗಿಸಿ, ಅಲ್ಲಿ ಅಂಟಿಸಿದ್ದ ಲಸಿಕೆಯ ಚಿತ್ರವನ್ನು ಓದುವವಳ ಹಾಗೆ ನೋಡತೊಡಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ನನಗೂ ಓಡಿಹೋಗುವಾ ಎನಿಸಿತು. ಆದರೆ ಕಾಲಲ್ಲಿ ಶಕ್ತಿಯಿಲ್ಲ, ಖಾಲಿ ಇದ್ದದ್ದು ಅವಳ ಪಕ್ಕದ ಜಾಗ ಒಂದೇ. ಕುಳಿತೆ.

ಗೋಡೆಯನ್ನು ನೋಡುತ್ತಲೇ ಅವಳು ಕೇಳಿದಳು:

‘ಅಕ್ಕೋರೆ, ನೀವು ಮಕ್ಕಳಿಗೆ ಸೂಜಿ ಹಾಕ್ಸೂಕೆ ಬಂದದ್ದಾ?’

‘ಅಲ್ಲ ಮಾವಶಿ. ನನಗೇ.’

‘ನಿಮ್ಗೇ ಅಂದ್ರೆ? ನಿಮ್ಮಂಥವ್ರು ಇಲ್ಲಿಗೆ ಎಂತಕ್ಕೆ ಬಂದ್ರಿ?’

‘ಕಾರವಾರದಲ್ಲಿ ಯಾರಾದರೂ ನೋಡುತ್ತಾರೆ’ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಅಷ್ಟು ಸುಸ್ತಾಗಿತ್ತು, ಸುಳ್ಳು ಕಟ್ಟಲು ತ್ರಾಣವಿರಲಿಲ್ಲ.

ಅವಳು ಈಗ ನನ್ನ ಕಡೆ ತಿರುಗಿದಳು. ಸೀರೆಯ ನಿರಿಗೆಯ ಅಡಿಯಲ್ಲಿ ಮುಚ್ಚಿಟ್ಟಿದ್ದ ಬಲಗಾಲನ್ನು ಸ್ವಲ್ಪ ಹೊರಗೆ ತೆಗೆದು ತೋರಿಸಿದಳು. ಹೆಬ್ಬೆರಳಿನ ಪಕ್ಕದ ಬೆರಳಿಗೆ ಬಟ್ಟೆ ಸುತ್ತಿತ್ತು. ‘ನಂದೂ ಅದೇ’ ಎಂದಳು. ಆಮೇಲೆ ಇಬ್ಬರಿಗೂ ನಗು ಬಂತು. ಸಿಸ್ಟರ್ ಬಂದು ಗದರಿಸುವ ತನಕ ನಕ್ಕೆವು.

ಮೀನಿನ ಮುಳ್ಳು ಚುಚ್ಚಿದ ಗಾಯ. ಅವಳ ಕಸುಬಿನಲ್ಲಿ ಅದು ಲೆಕ್ಕಕ್ಕಿಲ್ಲದ್ದು, ನಾಲ್ಕು ದಿನಕ್ಕೆ ತಾನೇ ಮಾಯುವಂಥದ್ದು. ಇದು ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದರಂತೆ. ಅವಳಿಗೆ ಕಾಯಿಲೆಗಿಂತ ಆಶ್ಚರ್ಯವೇ ದೊಡ್ಡದಾಗಿತ್ತು. ‘ಅದು ದೊಡ್ಡ ಮನೆಯವ್ರ ಕಾಯ್ಲೆ ಅಲ್ದಾ? ಕೂತು ಉಂಬವರಿಗೆ ಬರೂದು. ನಂಗೆ ಯಾವಾಗ ಬಂತೋ, ಎಲ್ಲಿ ಹತ್ತಿತೋ’ ಎಂದು ಬಸ್ಸು ಹತ್ತಿದವರ ಬಗ್ಗೆ ಹೇಳುವಂತೆ ಹೇಳುತ್ತಿದ್ದಳು.

ಅವಳಿಗೆ ದುಡ್ಡಿರಲಿಲ್ಲ ಎಂದು ಯಾರೂ ತಿಳಿಯಬಾರದು. ಒಳ್ಳೆಯ ಮೀನಿನ ತಿಂಗಳಲ್ಲಿ ಅವಳ ಸಂಪಾದನೆ ನನ್ನ ಸಂಬಳವನ್ನು ದಾಟಿ ಹೋಗುತ್ತಿತ್ತು. ಕಾರವಾರದ ಖಾಸಗಿ ಡಾಕ್ಟರ ಹತ್ತಿರ ಮೊದಲು ಹೋಗಿಯೂ ಇದ್ದಳು. ಮಿಂದು, ಹೂ ಮುಡಿದು, ಮದುವೆ ಸೀರೆ ಉಟ್ಟು ಹೋಗಿದ್ದಳಂತೆ. ಒಳಗೆ ಕುಳಿತಿದ್ದ ಹೆಂಗಸೊಬ್ಬಳು ಇವಳನ್ನು ಕಂಡು ಸೆರಗು ಮೂಗಿಗೆ ತಂದು, ಎದ್ದು ಆಚೆ ಕುರ್ಚಿಗೆ ಹೋದಳು. ಹಿಂದಿನ ಓಣಿಯವಳು, ಇವಳ ಗಿರಾಕಿಯೇ. ‘ವಾಸ್ನೆ ಇರ್ಲಿಲ್ಲ ತಂಗಿ. ದೇವ್ರಾಣೆ ಇರ್ಲಿಲ್ಲ. ನನ್ನ ಗುರ್ತು ಸಿಕ್ಕಿತು, ಅದ್ಕೆ ಮೂಗು ಮುಚ್ಚಿದ್ಲು’ ಎಂದಳು. ಸರದಿ ಬರುವ ಮೊದಲೇ ಎದ್ದು ಬಂದಿದ್ದಳು.

‘ತಂಗಿ’ ಎಂದದ್ದನ್ನು ನಾನು ಗಮನಿಸಿದೆ. ಕಾರವಾರದ ನನ್ನ ಮನೆ ಬಾಗಿಲಲ್ಲಿ ನಾನು ಅಕ್ಕೋರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಅಂಕೋಲೆಯ ಬೆಂಚಿನ ಮೇಲೆ ತಂಗಿಯಾದೆ. ಅವಳು ಯೋಚಿಸಿ ಮಾಡಿದ್ದಲ್ಲ, ನಾನೂ ತಿದ್ದಲಿಲ್ಲ.

ಅವಳ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಬೇರೆ ಓಣಿಗೆ ಹೋಗುವ ಮೀನಿನವಳೊಬ್ಬಳಿಗೆ ಕೈಯಲ್ಲಿ ಕಜ್ಜಿಯೋ ಏನೋ ಆಗಿ ಜಿಲ್ಲಾಸ್ಪತ್ರೆಗೆ ತೋರಿಸಲು ಹೋಗಿದ್ದಳಂತೆ. ಸಾಲಿನಲ್ಲಿ ಅವಳನ್ನು ಯಾರೋ ಕಂಡರು. ಆಮೇಲೆ ಯಾರೂ ಅವಳಿಗೆ ಬೇಡ ಎನ್ನಲಿಲ್ಲ. ಇವತ್ತು ಸಂಕಷ್ಟಿ, ಇವತ್ತು ಮನೆಯಲ್ಲಿ ಯಾರಿಲ್ಲ, ಇವತ್ತು ನಿನ್ನೆಯದೇ ಉಳಿದಿದೆ ಎಂದರು. ಮಳೆಗಾಲ ಬರುವಷ್ಟರಲ್ಲಿ ಅವಳು ಗೇರುಬೀಜದ ಫ್ಯಾಕ್ಟರಿಗೆ ಹೋಗತೊಡಗಿದ್ದಳು. ನಮ್ಮಂಥ ಮನೆಗಳಲ್ಲಿ ಮೀನನ್ನು ಹೆಚ್ಚಿ ಕೊಡುವವಳೂ ಮಾರುವವಳೇ. ಅಂಗಳದಲ್ಲಿ ಕುಳಿತು, ಮೆಟ್ಟುಗತ್ತಿಯ ಮಣೆಯನ್ನು ಬಲಗಾಲಿನಿಂದ ಮೆಟ್ಟಿ ಹಿಡಿದು, ಅಲಗಿಗೆ ಮೀನು ಒತ್ತಿ ಹೆಚ್ಚಬೇಕು. ಎಂದರೆ ಅವಳ ಕಾಲ ಬೆರಳಿನಿಂದ ನಮ್ಮ ಮೀನಿಗೆ ಒಂದು ಗೇಣು. ಆ ಬೆರಳಲ್ಲಿ ಕೀವು ಇದೆ ಎಂದು ಗೊತ್ತಾದರೆ ಯಾವ ಮನೆಯವರು ತಟ್ಟೆ ಒಡ್ಡುತ್ತಾರೆ? ಗಾಯ ಆದಾಗಿನಿಂದ ಅವಳು ಎಡಗಾಲಿನಲ್ಲಿ ಮಣೆ ಮೆಟ್ಟತೊಡಗಿದ್ದಳು. ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂರುವಳು. ನಮ್ಮ ಓಣಿಯಲ್ಲಿ ಅದನ್ನು ಕಂಡವಳು ನಾನೊಬ್ಬಳೇ, ಕಂಡರೂ ಬೇರೆ ಕಡೆ ನೋಡುತ್ತಿದ್ದೆ.

ಹಾಗೆ ಸೋಮವಾರಗಳು ನಮ್ಮವಾದವು. ಸೋಮವಾರ ನಮ್ಮ ಓಣಿಯಲ್ಲಿ ಮೀನು ತಿನ್ನುವುದಿಲ್ಲ, ಹಾಗಾಗಿ ಅವಳಿಗೆ ರಜೆ. ನಾನು ಕಾರವಾರದಲ್ಲಿ ಬಸ್ಸು ಹತ್ತಿದರೆ ಅವಳು ತೋಡೂರಿನಲ್ಲಿ ಹತ್ತುವಳು. ಬಸ್ಸಿನಲ್ಲಿ ಮಾತಿಲ್ಲ, ಕಾರವಾರದ ಜನ ಇರುತ್ತಾರಲ್ಲ. ಅವಳು ಮುಂದೆ, ನಾನು ಹಿಂದೆ. ಅಂಕೋಲೆಯ ಸ್ಟ್ಯಾಂಡಿನಲ್ಲಿ ಇಳಿದು ಒಂದು ತಿರುವು ದಾಟಿದ ಮೇಲೆ ನನಗಾಗಿ ನಿಲ್ಲುವಳು. ಬೆಂಚಿನ ಮೇಲೆ ಕುಳಿತರೆ ಮಾತು ನಿಲ್ಲುತ್ತಿರಲಿಲ್ಲ. ನನ್ನ ಕಬ್ಬಿಣದ ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದಾಗ ಬಾಯಿಗೆ ಹಾಕಿಕೊಳ್ಳಲು ಉಪ್ಪು ಸವರಿದ ಒಣ ಅಮಟೆಕಾಯಿ ತಂದುಕೊಡುತ್ತಿದ್ದಳು. ಮಾವಿನ ಕಾಲದಲ್ಲಿ ಕರಿ ಈಶಾಡು ಹಣ್ಣು ತಂದು, ತನಗೆ ಸಕ್ಕರೆ ಕಾಯಿಲೆ, ತಿನ್ನುವಂತಿಲ್ಲ ಎಂದು ನನ್ನ ಕೈಯಲ್ಲಿಟ್ಟು, ನಾನು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು. ‘ಓಟೆ ಆದ್ರೂ ಕೊಡು ಮಾರಾಯ್ತಿ’ ಎಂದು ಕೊನೆಗೆ ಗೊರಟನ್ನು ಕಸಿದುಕೊಂಡು ಚೀಪಿಬಿಡುವಳು.

ನನ್ನ ಮನೆಯಲ್ಲಿ ನಾನು ಹೇಳಿಕೊಳ್ಳದ್ದನ್ನೆಲ್ಲ ಅಲ್ಲಿ ಹೇಳಿದ್ದೇನೆ. ಅವಳು ಸಲಹೆ ಕೊಡುವವಳಲ್ಲ. ‘ಹೌದಾ’ ಎನ್ನುವಳು, ಆಮೇಲೆ ಸ್ವಲ್ಪ ಬಿಟ್ಟು ‘ಹೌದು’ ಎನ್ನುವಳು. ಅಷ್ಟು ಸಾಕಾಗುತ್ತಿತ್ತು. ಮರುದಿನ ಮಂಗಳವಾರ ಬೆಳಿಗ್ಗೆ ಅದೇ ಹೆಂಗಸು ನಮ್ಮ ಮೆಟ್ಟಿಲ ಕೆಳಗೆ ಬುಟ್ಟಿ ಇಳಿಸಿ ‘ಅಕ್ಕೋರೆ, ತಾಜಾ ಸಿಗಡಿ ಅದೆ, ತಕಣ್ತೀರಾ?’ ಎಂದು ಕೂಗುವಳು. ನಾನು ದರ ಕೇಳುವೆ. ಅವಳು ಹೇಳುವಳು. ಹೆಚ್ಚಾಯಿತು ಎನ್ನುವೆ. ಅವಳ ಕಣ್ಣಲ್ಲಿ ಒಂದು ಎಳೆ ನಗುವೂ ಇರುತ್ತಿರಲಿಲ್ಲ. ಅಷ್ಟು ಗಟ್ಟಿಗಿತ್ತಿ. ನನಗೆ ಮಾತ್ರ ಆ ಹೊತ್ತು ತುಂಬ ಒಂಟಿ ಎನಿಸುತ್ತಿತ್ತು.

ಗಾಯಕ್ಕೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕೆಂದು ಡಾಕ್ಟರು ಹೇಳುತ್ತಲೇ ಇದ್ದರು. ಇವಳು ಸೋಮವಾರದಿಂದ ಸೋಮವಾರಕ್ಕೆ ಬರುವಳು. ನಡುವೆ ಆರು ದಿನ ಬಂದರಿನ ನೀರು, ಐಸು, ಓಣಿಯ ಧೂಳು. ಒಂದು ದಿನ ಆ ಡಾಕ್ಟರು ಬೆರಳನ್ನು ಒತ್ತಿ ನೋಡಿ, ಒತ್ತಿದ್ದು ಅವಳಿಗೆ ಗೊತ್ತಾಗಲೇ ಇಲ್ಲ ಎಂದು ಕಂಡು, ಕುರ್ಚಿ ಹತ್ತಿರ ಎಳೆದುಕೊಂಡು ಕುಳಿತರು. ಒಳ್ಳೆಯ ಮನುಷ್ಯ. ‘ಅಮ್ಮ, ಈ ಬೆರಳು ತೆಗೆಯಬೇಕು. ಇಲ್ಲದಿದ್ದರೆ ಪಾದಕ್ಕೆ ಏರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಸರ್ಜನ್ ಇದ್ದಾರೆ, ಖರ್ಚಿಲ್ಲ. ನಾಳೆಯೇ ಕಾರವಾರಕ್ಕೆ ಹೋಗಿ ಅಡ್ಮಿಟ್ ಆಗಿ’ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತವಳು ಕಾಲನ್ನು ಮತ್ತೆ ನಿರಿಗೆಯೊಳಗೆ ಎಳೆದುಕೊಂಡಳು.

‘ನಾನು ಜೊತೆಗೆ ಬರುತ್ತೇನೆ ಮಾವಶಿ. ರಜೆ ಹಾಕುತ್ತೇನೆ’ ಎಂದೆ.

‘ಎದುರುಮನೆ ಬಾಯಿಯ ತಂಗಿ ಅಲ್ಲಿ ಸಿಸ್ಟರ್. ಗೊತ್ತುಂಟಲ್ಲ?’

‘ಗೊತ್ತು. ಅದಕ್ಕೇನಾಯಿತು? ಕಾಲಿಗಿಂತ ಹೆಚ್ಚಾ?’

‘ಕಾಲು ನಂದೊಬ್ಳದ್ದು. ಮನೆಗಳು ನನ್ ಸೊಸೆದೂ ಹೌದು, ನಾಳೆ ಮೊಮ್ಮಗಳದ್ದೂ ಹೌದು. ದಂಡೆ ಹೋಯ್ತು, ದೋಣಿ ಹಾಕೂ ಜಾಗ ಹೋಯ್ತು. ಕೊಡೂಕೆ ನನ್ ಹತ್ರ ಮತ್ತೆಂತಾ ಅದೆ, ಹೇಳು.’

ನನಗೆ ಸಿಟ್ಟು ಬಂತು. ಶಾಲೆಯಲ್ಲಿ ಗದರಿಸುವ ಹಾಗೆ ಗದರಿಸಿಯೂಬಿಟ್ಟೆ. ನಮ್ಮ ಓಣಿಯ ಹತ್ತಿಪ್ಪತ್ತು ತಟ್ಟೆ ಮೀನಿಗಾಗಿ ಕಾಲು ಕಳೆದುಕೊಳ್ಳುತ್ತೀಯಾ, ಆ ಹೆಂಗಸರ ಯೋಗ್ಯತೆ ನನಗೆ ಗೊತ್ತಿಲ್ಲವಾ ಎಂದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ‘ಹಾಗಾರೆ ನೀ ಕಾರವಾರದ ಸರಕಾರಿ ಆಸ್ಪತ್ರೆ ಸಾಲಲ್ಲೇ ನಿಂತು ಗುಳಿಗೆ ತಕೊ, ನಾ ನಾಳೆನೇ ಅಡ್ಮಿಟ್ ಆಗ್ತೆ’ ಎಂದಳು. ಅವಳದು ಹೊಟ್ಟೆಯ ಪ್ರಶ್ನೆ, ನನ್ನದು ಬರೀ ಹಿತ್ತಾಳೆ ಫಲಕದ ಪ್ರಶ್ನೆ. ಆದರೂ ನಾನು ಹೂಂ ಎನ್ನಲಾರೆ ಎಂದು ಅವಳಿಗೆ ಗೊತ್ತಿತ್ತು. ಅತ್ತೆಯ ಮನೆಯಲ್ಲಿ ಬದುಕಬೇಕಾದವಳ ಕಷ್ಟ ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಎರಡು ವಾರ ಅವಳು ಓಣಿಗೆ ಬರಲಿಲ್ಲ. ಬದಲಿಗೆ ಅವಳ ಸೊಸೆ, ಮುಖ ಎತ್ತದ ಹುಡುಗಿ, ಬುಟ್ಟಿ ತರುತ್ತಿದ್ದಳು. ‘ಅತ್ತೆ ಮದ್ವೆಗೆ ಗೋವಾಕ್ಕೆ ಹೋಗ್ಯಾರೆ’ ಎಂದಷ್ಟೇ ಹೇಳುತ್ತಿದ್ದಳು. ಮಾವಶಿ ಮರಳಿದಾಗ ಕಾಲಿಗೆ ನೀಲಿ ಕ್ಯಾನ್ವಾಸ್ ಬೂಟು, ಒಳಗೆ ದಪ್ಪ ಕಾಲುಚೀಲ. ಒಂಬತ್ತು ಗಜದ ನವ್ವಾರಿಯ ಹಾಗೆ ಎತ್ತಿಕಟ್ಟಿದ ಸೀರೆಯ ಕೆಳಗೆ ಆ ಬೂಟು ನೋಡಿ ಓಣಿ ಬಿದ್ದುಬಿದ್ದು ನಕ್ಕಿತು. ‘ಎಂತಾ ಮಾವಶಿ, ಗೋವಾ ಫ್ಯಾಶನ್ನಾ?’ ಎಂದು ಎದುರುಮನೆಯ ಅಕ್ಕ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆಮೇಲೆ ಪ್ರತಿ ಮನೆಯ ಮೆಟ್ಟಿಲಲ್ಲೂ ಆ ಮದುವೆಯ ವರ್ಣನೆ ಮಾಡಿದಳು. ಹುಡುಗಿಯ ಮೈಬಣ್ಣ, ಹುಡುಗನ ಕೋಟು, ಬ್ಯಾಂಡಿನವರು, ಊಟಕ್ಕೆ ಇಸ್ವಾಣ ಮೀನು ಹುರಿದದ್ದು ಎಷ್ಟು ದಪ್ಪ ತುಂಡು ಎಂದು ಬೆರಳು ಜೋಡಿಸಿ ತೋರಿಸಿದಳು. ನಮ್ಮ ಅತ್ತೆ ಕಣ್ಣರಳಿಸಿ ಕೇಳಿದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಕುಮಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆರಳು ತೆಗೆಸಿಕೊಂಡು, ಕಿವಿಯ ಚಿನ್ನದ ಕುಡುಕು ಮಾರಿ ಬಿಲ್ಲು ಕಟ್ಟಿ ಬಂದದ್ದನ್ನು ಮುಂದಿನ ಸೋಮವಾರ ನನಗೆ ಹೇಳಿದಳು. ಮನೆಯಲ್ಲಿ ಸೊಸೆಯೊಬ್ಬಳಿಗೇ ಗೊತ್ತು ಎಂದಳು. ‘ಮದ್ವೆ ಚಂದಾಗಿತ್ತಾ?’ ಎಂದು ನಾನು ಕೇಳಿದ್ದಕ್ಕೆ ‘ನೀ ಬರ್ಬೇಕಿತ್ತು ತಂಗಿ’ ಎಂದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷವೇ ನನಗೆ ಸರಕಾರಿ ಶಾಲೆಯಲ್ಲಿ ಕಾಯಂ ನೌಕರಿ ಸಿಕ್ಕಿತು. ಊರು ಅಂಕೋಲೆಯಲ್ಲ, ಉಲ್ಟಾ ದಿಕ್ಕಿನಲ್ಲಿ, ಕಾಳಿ ನದಿಯ ಸೇತುವೆಯ ಆಚೆ. ಕೈಗೆ ಸಂಬಳ ಬಂದದ್ದೇ ತಡ, ಅತ್ತೆಯೇ ಮುಂದೆ ನಿಂತು ನನ್ನನ್ನು ಕಾರವಾರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗರ್ಭಕೋಶದ ಗಡ್ಡೆಯ ಆಪರೇಶನ್ ಮಾಡಿಸಿದರು. ಓಣಿಯವರೆಲ್ಲ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅಲ್ಲಿ ಮೆತ್ತನೆಯ ಕುರ್ಚಿಗಳಿದ್ದವು, ಗೋಡೆಯ ಮೇಲೆ ಟೀವಿ ಇತ್ತು, ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನನಗೆ ವಾಸಿಯಾಯಿತು, ಅದು ದೊಡ್ಡದೇ. ಆದರೆ ಮಲಗಿದ್ದಷ್ಟು ದಿನ ಆ ಮರದ ಬೆಂಚು ನೆನಪಾಗುತ್ತಿತ್ತು.

ಮಾವಶಿ ನನ್ನನ್ನು ನೋಡಲು ಆಸ್ಪತ್ರೆಗೆ ಬರುವಂತಿರಲಿಲ್ಲ. ಮನೆಗೆ ಬಂದ ಮೇಲೆ, ಬಾಣಂತಿಯರಿಗೆ ಕೊಡುವಂಥ ಎಳೆ ನೊಗ್ಲಿ ತಂದು, ಅತ್ತೆ ಒಳಗೆ ತಟ್ಟೆ ತರಲು ಹೋದ ಗಳಿಗೆಯಲ್ಲಿ ಮೆಲ್ಲಗೆ ಹೇಳಿದಳು: ‘ಗುಣ ಆಯ್ತಲ್ಲ, ದೇವ್ರು ದೊಡ್ಡವ. ಬೆಂಚಿನ ಮೇಲೆ ಈಗ ನಾನೊಬ್ಳೇ.’ ಅತ್ತೆ ಬಂದರು. ಅವಳು ದರ ಹೇಳಿದಳು.

ರಜೆ ಸಿಕ್ಕ ಸೋಮವಾರಗಳಲ್ಲಿ ಕೆಲವು ಸಲ ಅಂಕೋಲೆಗೆ ಹೋಗಿ ಅವಳ ಪಕ್ಕ ಕುಳಿತು ಬಂದೆ. ‘ಕಾಯ್ಲೆ ಇಲ್ದವ್ರು ಇಲ್ಲಿ ಬಂದು ಕೂರೂಕಾಗ, ಹತ್ಕಂತದೆ, ಹೋಗು’ ಎಂದು ಬೈಯುವಳು. ಬೈದು, ಜಾಗ ಬಿಡಲು ಸೆರಗು ಎಳೆದುಕೊಳ್ಳುವಳು. ಶಾಲೆಯ ಕೆಲಸ ಹೆಚ್ಚಾಯಿತು, ರಜೆ ಕಡಿಮೆಯಾಯಿತು. ಓಣಿಯಲ್ಲಿ ಅವಳ ನಡಿಗೆ ನಿಧಾನವಾಯಿತು. ನುಗ್ಗೆಯ ಟೊಂಗೆಯ ಹತ್ತಿರ ಬಂದರೆ ಬುಟ್ಟಿಯನ್ನು ಕೆಳಗಿಳಿಸಿ, ಕೈಯಲ್ಲಿ ಹಿಡಿದು ದಾಟಿ, ಆಚೆ ಯಾರಾದರೂ ಬಂದು ತಲೆಗೆ ಎತ್ತಿ ಇಡಲಿ ಎಂದು ಕಾಯುತ್ತಿದ್ದಳು. ಮಂಡಿ ಬಗ್ಗುತ್ತಿರಲಿಲ್ಲ. ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಯಾರನ್ನು ಕೇಳುವುದು? ತೋಡೂರಿಗೆ ಹೋಗಿ ನೋಡಿಕೊಂಡು ಬರೋಣವೆಂದರೆ, ಮನೆಗೆ ಮಾತ್ರ ಬರಬೇಡ, ಅಕ್ಕೋರು ಹುಡುಕಿಕೊಂಡು ಬಂದರೆ ಮಗ ಕಾರಣ ಕೇಳುತ್ತ ಕೂರುತ್ತಾನೆ ಎಂದು ಆಣೆ ಹಾಕಿಸಿಕೊಂಡಿದ್ದಳು. ಶಾಲೆಗೆ ಹೋಗಿ ಬಂದು, ಗೇಟಿನ ಸದ್ದಾದಾಗಲೆಲ್ಲ ಹೊರಗೆ ಇಣುಕಿ, ದಿನ ಕಳೆದೆ.

ಕೊನೆಗೆ ಒಂದು ರವಿವಾರ ಬೆಳಿಗ್ಗೆ ಬಂದವಳು ಆ ಸೊಸೆ. ಮುಖ ನೋಡಿಯೇ ನನಗೆ ತಿಳಿಯಿತೆಂದು ಹೇಳುವಂತಿಲ್ಲ, ಅವಳು ಮುಖ ಎತ್ತುವವಳೇ ಅಲ್ಲ. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓಣಿಯ ನಡುವೆ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದಳು, ‘ಅತ್ತೆ ಹೋದ್ರು. ಇನ್ಮೇಲೆ ನಾ ಬತ್ತೆ.’

ಎದುರುಮನೆಯ ಅಕ್ಕ ಮೆಟ್ಟಿಲಿಳಿದು ಬಂದರು. ‘ಅಯ್ಯೋ ದೇವ್ರೆ. ಎಂತಾ ಆಗಿತ್ತೇ ಅವ್ಳಿಗೆ? ಕಾಯ್ಲೆ ಇತ್ತಾ?’

‘ಎಂಥದೂ ಇಲ್ಲ ಬಾಯಿ. ಒಂದಿನಾ ಆಸ್ಪತ್ರೆ ಮೆಟ್ಲು ಹತ್ತಿದವ್ರಲ್ಲ. ನಿದ್ದೆಲೇ ಹೋದ್ರು.’

‘ಮತ್ತೆ ಕುಂಟ್ತಾ ಇದ್ಲಲ್ಲ? ಕಾಲಿಗೆ ಏನೋ ಆಗಿತ್ತು. ನಾ ಅವತ್ತೇ ಅಂದ್ಕಂಡೆ.’

ಹುಡುಗಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆಚೀಚೆ ಮನೆಯ ಕಿಟಕಿಗಳಲ್ಲಿ ಮುಖಗಳು ಬಂದಿದ್ದವು. ನಾನು ಜಗಲಿಯಿಂದ ಇಡೀ ಓಣಿಗೆ ಕೇಳುವ ಹಾಗೆ, ತರಗತಿಯಲ್ಲಿ ಪಾಠ ಹೇಳುವ ಸ್ವರದಲ್ಲಿ ಹೇಳಿದೆ:

‘ವಯಸ್ಸಾಯ್ತಲ್ಲ ಅಕ್ಕ, ಮಂಡಿ ಹಿಡಿದಿರ್ತದೆ. ನನ್ನ ಮಂಡಿಯೂ ಹಿಡೀತದೆ. ಮಾವಶಿಗೆ ಕಾಯ್ಲೆ ಎಲ್ಲಿಂದ ಬರ್ಬೇಕು? ಅವಳಷ್ಟು ಗಟ್ಟಿ ಹೆಂಗಸು ಈ ಓಣಿಗೆ ಕಾಲಿಟ್ಟಿರಲಿಲ್ಲ. ಬಾರೇ ತಂಗಿ, ಇಳಿಸು ಬುಟ್ಟಿ. ಇವತ್ತು ಮೊದಲು ನಮ್ಮಲ್ಲಿ.’

ಎದುರುಮನೆಯ ಅಕ್ಕ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ‘ಹೌದಪ್ಪ, ಪುಣ್ಯವಂತೆ, ನಿದ್ದೆಯಲ್ಲೇ ಹೋದ್ಲು’ ಎನ್ನುತ್ತ ತಟ್ಟೆ ತರಲು ಒಳಗೆ ಹೋದರು.

ಹುಡುಗಿ ನಮ್ಮ ಅಂಗಳದಲ್ಲಿ ಕುಳಿತು, ಬಲಗಾಲಿನಲ್ಲಿ ಮೆಟ್ಟುಗತ್ತಿಯ ಮಣೆ ಒತ್ತಿ ಹಿಡಿದು ಬಂಗಡೆ ಹೆಚ್ಚಿದಳು. ತಲೆ ತಗ್ಗಿಸಿಕೊಂಡೇ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. ‘ಕುಮಟೆಯಲ್ಲೇ ಹೋದ್ರು ಅಕ್ಕೋರೆ. ಮಂಡಿ ತನಕ ತೆಗೀಬೇಕು ಅಂದ್ರು. ಕಾಲಿಲ್ದೆ ಓಣಿಗೆ ಹ್ಯಾಗೆ ಹೋಗೂದು, ಹೋದ್ರೆ ಎಂತಾ ಹೇಳೂದು ಅಂದ್ರು. ಬ್ಯಾಡ ಅಂದ್ಬಿಟ್ರು.’ ಇನ್ನೊಂದು ಬಂಗಡೆ ಎತ್ತಿಕೊಂಡು, ‘ಒಬ್ರೇ ಇದ್ರು ಅಲ್ಲಿ. ನಾ ಬುಟ್ಟಿ ತಕಂಡು ಹಿಂದಿನ ಓಣಿಗೆ ಹೋಗಿದ್ದೆ, ಮನೆಗಳು ಕೈಬಿಡಬಾರ್ದು ಅಂತ ಅವ್ರೇ ಕಳ್ಸಿದ್ದು’ ಎಂದಳು. ನನ್ನ ತಟ್ಟೆಗೆ ಮೀನು ಹಾಕಿ, ಕತ್ತಿ ತೊಳೆದಿಟ್ಟು, ಬುಟ್ಟಿ ಎತ್ತಿಕೊಂಡು ಎದುರುಮನೆಗೆ ಹೋದಳು. ಆ ದಿನ ಓಣಿಯ ಎಲ್ಲ ಮನೆಗಳೂ ಕೊಂಡವು.

ನನಗೆ ಅಳಲು ಆಗಲಿಲ್ಲ. ಮೀನಿನವಳು ಸತ್ತಳೆಂದು ಮನೆಯ ಸೊಸೆ ಅಡುಗೆಮನೆಯಲ್ಲಿ ಕೂತು ಅತ್ತರೆ ಅತ್ತೆ ಏಕೆಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು. ಬಂಗಡೆಗೆ ಮಸಾಲೆ ಅರೆದೆ. ಎಲ್ಲರಿಗೂ ಬಡಿಸಿದೆ.

ಮರುದಿನ ಸೋಮವಾರ ರಜೆ ಹಾಕಿ ಅಂಕೋಲೆಗೆ ಹೋದೆ. ಆಸ್ಪತ್ರೆಯಲ್ಲಿ ಎಂದಿನಷ್ಟೇ ಜನ. ಗೋಡೆಯ ಬದಿಯ ಬೆಂಚಿನಲ್ಲಿ ಜಾಗ ಸಿಕ್ಕಿತು. ಕುಳಿತದ್ದೇ ತಡ, ನಿನ್ನೆಯಿಂದ ಹಿಡಿದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಹಾಲಕ್ಕಿ ಹೆಂಗಸೊಬ್ಬಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

‘ಎಂತಾ ಆಯ್ತೇ? ಡಾಕ್ಟರು ಏನಾರೂ ಹೇಳಿದ್ರಾ?’

‘ಇಲ್ಲ’ ಎಂದೆ. ‘ಅಕ್ಕ ತೀರಿಕೊಂಡಳು.’